ಕರ್ಣ ಕೇಳಿದ ಗಣಿತಜ್ಞ: ಭಾಸ್ಕರಾಚಾರ್ಯರು

ಪ್ರತಿ ವರ್ಷ ಡಿಸೆಂಬರ್ 22ರಂದು ರಾಷ್ಟ್ರೀಯ ಗಣಿತ ದಿನ ಬರುತ್ತದೆ. ಅಂದು ಎಲ್ಲರೂ ಶ್ರೀನಿವಾಸ ರಾಮಾನುಜನ್ ಅವರ ಬಗ್ಗೆ ಬರೆಯುತ್ತಾರೆ, ಮಾತನಾಡುತ್ತಾರೆ. ಅದು ಸರಿಯೇ. ಆದರೆ ಈ ಸಂಚಿಕೆಗೆ ಒಬ್ಬ ಗಣಿತಜ್ಞರ ಜೀವನ ಬರೆದುಕೊಡು ಎಂದು ನಮ್ಮ ಗಣಿತದ ಉಪನ್ಯಾಸಕರು ಹೇಳಿದಾಗ ನಾನು ರಾಮಾನುಜನ್ ಅವರಿಗಿಂತ ಸುಮಾರು 770 ವರ್ಷ ಮೊದಲು ಹುಟ್ಟಿದವರನ್ನು ಆರಿಸಿಕೊಂಡೆ. ಅವರು ಭಾಸ್ಕರಾಚಾರ್ಯರು. ಅವರನ್ನು ಆರಿಸಲು ನನಗೊಂದು ಸ್ವಂತ ಕಾರಣವಿದೆ. ನಾನು ಎಂಟನೇ ತರಗತಿಯಲ್ಲಿದ್ದಾಗ ಮಾಡಿದ ಒಂದು ತಪ್ಪು ಲೆಕ್ಕ, ಅದರಿಂದ ನಮ್ಮ ಮನೆಗೆ ಆದ ನಷ್ಟ, ಆ ತಪ್ಪನ್ನು ನನಗೆ ತೋರಿಸಿಕೊಟ್ಟ ಅವರ ಪುಸ್ತಕ. ಮೊದಲು ಆ ಲೆಕ್ಕ ಹೇಳುತ್ತೇನೆ.

ನಮ್ಮದು ನವಲಗುಂದ ತಾಲೂಕಿನ ಒಂದು ಸಣ್ಣ ಹಳ್ಳಿ. ಬೆಣ್ಣಿಹಳ್ಳದ ದಂಡೆಯ ಎರೆ ಭೂಮಿ. ಅಬ್ಬಾ ಅಲ್ಲಿ ಒಂದು ಹೊಲದ ತುಣುಕನ್ನು ಲಾವಣಿಗೆ ಹಿಡಿದರು. ಅದು ದೊಡ್ಡ ಸರ್ವೆ ನಂಬರಿನ ಒಂದು ಭಾಗವಾದ್ದರಿಂದ ಅಷ್ಟಕ್ಕೇ ಬೇರೆ ಉತಾರ ಇರಲಿಲ್ಲ. ಹೊಲದ ಮಾಲೀಕರೂ ಅಬ್ಬಾನೂ ಟೇಪು ಹಿಡಿದು ನಾಲ್ಕೂ ಬದು ಅಳೆದರು. ಉದ್ದದ ಎರಡು ಬದುಗಳು 400 ಅಡಿ, ಅಗಲದ ಎರಡು ಬದುಗಳು 300 ಅಡಿ. ಶಾಲೆಗೆ ಹೋಗುವ ಹುಡುಗ ಎಂದು ನನ್ನನ್ನು ಕರೆದು ಲೆಕ್ಕ ಮಾಡಲು ಹೇಳಿದರು. ನಾನು 400ನ್ನು 300ರಿಂದ ಗುಣಿಸಿ 1,20,000 ಚದರ ಅಡಿ ಎಂದೆ. ಒಂದು ಗುಂಟೆಗೆ 1,089 ಚದರ ಅಡಿಯಂತೆ ಭಾಗಿಸಿ 110 ಗುಂಟೆ, ಅಂದರೆ 2 ಎಕರೆ 30 ಗುಂಟೆ ಎಂದು ಹೇಳಿದೆ. ಇಬ್ಬರೂ ಖುಷಿಪಟ್ಟರು. ನನಗಂತೂ ಆಕಾಶ ಮೂರೇ ಗೇಣು ಉಳಿದಿತ್ತು. ಆ ಲೆಕ್ಕದ ಮೇಲೆಯೇ ಮೂರು ವರ್ಷ ಲಾವಣಿ ಕೊಟ್ಟೆವು. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಎಲ್ಲವನ್ನೂ ಅದೇ ಲೆಕ್ಕದಲ್ಲಿ ಕೊಟ್ಟೆವು.

ಲೆಕ್ಕದಲ್ಲಿ ಗುಣಾಕಾರ ತಪ್ಪಿರಲಿಲ್ಲ, ಭಾಗಾಕಾರವೂ ತಪ್ಪಿರಲಿಲ್ಲ. ತಪ್ಪಿದ್ದು ಬೇರೆ ಕಡೆ. ಅದನ್ನು ತಿಳಿಯಲು ಭಾಸ್ಕರಾಚಾರ್ಯರ ಕಾಲಕ್ಕೆ ಹೋಗಬೇಕು.

ಭಾಸ್ಕರಾಚಾರ್ಯರು ತಮ್ಮ ಹುಟ್ಟಿದ ವರ್ಷವನ್ನು ತಾವೇ ಬರೆದಿಟ್ಟಿದ್ದಾರೆ. ಅದು ಶಕ ವರ್ಷ 1036, ಅಂದರೆ ಕ್ರಿ.ಶ. 1114. ಅಷ್ಟು ಹಳೆಯ ಕಾಲದ ವಿದ್ವಾಂಸರಲ್ಲಿ ಹೀಗೆ ಖಚಿತವಾಗಿ ವರ್ಷ ಹೇಳಿಕೊಂಡವರು ಕಡಿಮೆ. ತಮ್ಮ ಊರು ಸಹ್ಯಾದ್ರಿಯ ಸೀಮೆಯ ವಿಜ್ಜಡವಿಡ ಎಂದೂ ಅವರು ಹೇಳಿದ್ದಾರೆ. ನಮ್ಮ ಕಡೆಯವರು ಅದನ್ನು ಬಿಜ್ಜಳಬೀಡು ಎಂದು ಓದಿ ವಿಜಯಪುರದ ಸೀಮೆಗೆ ಸೇರಿಸುತ್ತಾರೆ. ಮಹಾರಾಷ್ಟ್ರದ ವಿದ್ವಾಂಸರು ಜಳಗಾಂವ್ ಜಿಲ್ಲೆಯ ಚಾಳೀಸಗಾಂವ್ ಹತ್ತಿರದ ಪಾಟಣದ ಕಡೆಗೆ ಕೈ ತೋರಿಸುತ್ತಾರೆ. ಎರಡೂ ಕಡೆಯವರು ನಮ್ಮವರು ಎಂದು ಜಗಳಾಡುವಷ್ಟು ದೊಡ್ಡವರು ಅವರು ಎಂಬುದು ಮಾತ್ರ ನಿಜ.

ಅವರ ತಂದೆ ಮಹೇಶ್ವರರು ಖಗೋಳ ಬಲ್ಲವರು. ಮಗನಿಗೆ ಮೊದಲ ಗುರು ತಂದೆಯೇ. ಮನೆತನದಲ್ಲಿ ತಲೆತಲಾಂತರದಿಂದ ವಿದ್ಯೆಯಿತ್ತು. ಆಗ ನಮ್ಮ ಈ ಭಾಗವನ್ನು ಆಳುತ್ತಿದ್ದವರು ಕಲ್ಯಾಣದ ಚಾಲುಕ್ಯರು. 1162ರಲ್ಲಿ ಕಳಚುರಿ ಬಿಜ್ಜಳ ಕಲ್ಯಾಣದ ಸಿಂಹಾಸನವನ್ನೇರಿದ. ಬಸವಣ್ಣನವರೂ ಭಾಸ್ಕರಾಚಾರ್ಯರೂ ಒಂದೇ ಶತಮಾನದವರು. ನಮ್ಮ ಪಕ್ಕದ ಅಣ್ಣಿಗೇರಿಯಲ್ಲಿ ಅಮೃತೇಶ್ವರ ಗುಡಿಯ ಕರಿಕಲ್ಲಿನ ಕಂಬಗಳನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅದು ಚಾಲುಕ್ಯರ ಕಾಲದ್ದು. ಆ ವಂಶದ ಕೊನೆಯ ಅರಸ ನಾಲ್ಕನೆಯ ಸೋಮೇಶ್ವರನಿಗೆ ಅಣ್ಣಿಗೇರಿ ರಾಜಧಾನಿಯೂ ಆಗಿತ್ತು. ಅಂದಿನ ಶಾಸನಗಳಲ್ಲಿ ಇಷ್ಟು ಮತ್ತರು ಭೂಮಿ ದಾನ ಕೊಟ್ಟೆ ಎಂದು ಬರುತ್ತದೆ. ಭೂಮಿ ಕೊಡಬೇಕೆಂದರೆ ಅಳೆಯಬೇಕು, ಅಳೆಯಬೇಕೆಂದರೆ ಕ್ಷೇತ್ರಗಣಿತ ಬೇಕು. ಹಾಗಾಗಿ ಈ ವಿದ್ಯೆ ಬರೀ ಪಂಡಿತರ ಸೊತ್ತಾಗಿರಲಿಲ್ಲ, ಹೊಲದ ಬದುವಿನ ಮೇಲೂ ಅದರ ಅಗತ್ಯವಿತ್ತು.

1150ರಲ್ಲಿ, ತಮ್ಮ 36ನೇ ವಯಸ್ಸಿನಲ್ಲಿ, ಭಾಸ್ಕರಾಚಾರ್ಯರು ಸಿದ್ಧಾಂತ ಶಿರೋಮಣಿ ಎಂಬ ಗ್ರಂಥ ಮುಗಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂದು ಅದರಲ್ಲಿ ನಾಲ್ಕು ಭಾಗಗಳು. ಮೊದಲೆರಡು ಗಣಿತ, ಉಳಿದೆರಡು ಖಗೋಳ. 1183ರ ಸುಮಾರಿಗೆ, 69ರ ವಯಸ್ಸಿನಲ್ಲಿ, ಗ್ರಹಗಳ ಲೆಕ್ಕವನ್ನು ಸುಲಭ ಮಾಡುವ ಕರಣಕುತೂಹಲ ಬರೆದರು. ಅಂದರೆ ಮುಪ್ಪಿನಲ್ಲೂ ಅವರ ಕೈಯಿಂದ ಲೆಕ್ಕ ಬಿಟ್ಟುಹೋಗಿರಲಿಲ್ಲ.

ಅವರ ಸಾಧನೆಗಳ ಪಟ್ಟಿ ದೊಡ್ಡದು. ವಿಜ್ಞಾನ ವಿಭಾಗದವರಿಗೆ ಇಷ್ಟವಾಗುವ ಒಂದನ್ನು ಮಾತ್ರ ಹೇಳುತ್ತೇನೆ. ಒಂದು ಸಂಖ್ಯೆಯ ವರ್ಗದಿಂದ ಇನ್ನೊಂದರ ವರ್ಗದ 61 ಪಟ್ಟನ್ನು ಕಳೆದರೆ 1 ಉಳಿಯಬೇಕು. ಆ ಎರಡು ಪೂರ್ಣಾಂಕಗಳು ಯಾವುವು? ಚಕ್ರವಾಲ ಎಂಬ ವಿಧಾನದಿಂದ ಅವರು ಕಂಡುಹಿಡಿದ ಉತ್ತರ 1,76,63,19,049 ಮತ್ತು 22,61,53,980. ಫ್ರಾನ್ಸಿನ ಫರ್ಮಾ ಇದೇ ಪ್ರಶ್ನೆಯನ್ನು ಯುರೋಪಿನ ಗಣಿತಜ್ಞರಿಗೆ ಸವಾಲಾಗಿ ಹಾಕಿದ್ದು 1657ರಲ್ಲಿ, ಐದು ಶತಮಾನಗಳ ನಂತರ.

ಆದರೆ ಜನರ ಮನಸ್ಸಿನಲ್ಲಿ ಉಳಿದ ಪುಸ್ತಕ ಲೀಲಾವತಿ. ಅದು ಅಂಕಗಣಿತ ಮತ್ತು ಕ್ಷೇತ್ರಗಣಿತದ ಪಠ್ಯಪುಸ್ತಕ. ಎಲ್ಲವೂ ಪದ್ಯದಲ್ಲಿದೆ. ಲೆಕ್ಕಗಳನ್ನು ಬಾಲೆ ಎಂದು, ಗೆಳೆಯ ಎಂದು ಕರೆದು ಪ್ರೀತಿಯಿಂದ ಕೇಳುತ್ತಾರೆ. ಒಂದು ಉದಾಹರಣೆ ನೋಡಿ. 9 ಮೊಳದ ಕಂಬದ ಮೇಲೆ ನವಿಲು ಕೂತಿದೆ, ಬುಡದಲ್ಲಿ ಹಾವಿನ ಹುತ್ತವಿದೆ. 27 ಮೊಳ ದೂರದಿಂದ ಹಾವು ಹುತ್ತಕ್ಕೆ ಬರುತ್ತಿದೆ. ನವಿಲು ಓರೆಯಾಗಿ ಅದರ ಮೇಲೆ ಎರಗುತ್ತದೆ. ಇಬ್ಬರೂ ಸಮ ದೂರ ಸಾಗಿದರೆ ಹುತ್ತದಿಂದ ಎಷ್ಟು ದೂರದಲ್ಲಿ ಭೇಟಿ? ಉತ್ತರ 12 ಮೊಳ. ಪೈಥಾಗೋರಸ್ ಪ್ರಮೇಯ ಹಾಕಿ ನೀವೇ ಪರೀಕ್ಷಿಸಿ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಲೀಲಾವತಿಯ ಕ್ಷೇತ್ರವ್ಯವಹಾರ ಭಾಗದಲ್ಲಿ ಚತುರ್ಭುಜಗಳ ಮಾತು ಬರುತ್ತದೆ. ಅದಕ್ಕೂ ಮೊದಲು 628ರಲ್ಲಿ ಬ್ರಹ್ಮಗುಪ್ತರು ಚತುರ್ಭುಜದ ವಿಸ್ತೀರ್ಣಕ್ಕೆ ಎರಡು ಸೂತ್ರ ಕೊಟ್ಟಿದ್ದರು. ಒಂದು ಸ್ಥೂಲ. ಎದುರುಬದುರು ಬದಿಗಳನ್ನು ಕೂಡಿಸಿ ಅರ್ಧ ಮಾಡಿ, ಬಂದ ಎರಡನ್ನು ಗುಣಿಸುವುದು. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ನಡೆಯುವ ಲೆಕ್ಕ ಇದೇ. ಇನ್ನೊಂದು ಸೂಕ್ಷ್ಮ. ನಾಲ್ಕು ಬದಿಗಳ ಮೊತ್ತದ ಅರ್ಧದಿಂದ ಒಂದೊಂದೇ ಬದಿಯನ್ನು ಕಳೆದು, ಉಳಿದ ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆಯುವುದು. ಒಂಬತ್ತನೇ ತರಗತಿಯಲ್ಲಿ ತ್ರಿಭುಜಕ್ಕೆ ಕಲಿತ ಹೆರಾನ್ ಸೂತ್ರದ ಅಣ್ಣ ಇದು. ನಮ್ಮ ಕನ್ನಡ ನಾಡಿನ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರೂ 9ನೇ ಶತಮಾನದಲ್ಲಿ ತಮ್ಮ ಗಣಿತಸಾರಸಂಗ್ರಹದಲ್ಲಿ ಹೀಗೆಯೇ ಸ್ಥೂಲ, ಸೂಕ್ಷ್ಮ ಎರಡನ್ನೂ ಹೇಳಿದರು.

ಭಾಸ್ಕರಾಚಾರ್ಯರು ದೊಡ್ಡವರ ಸೂತ್ರ ಎಂದು ಸುಮ್ಮನೆ ಒಪ್ಪಲಿಲ್ಲ. ಒಂದು ಚತುರ್ಭುಜ ತೆಗೆದುಕೊಂಡರು. ಭೂಮಿ 14, ಮುಖ 9, ಪಕ್ಕದ ಬಾಹುಗಳು 13 ಮತ್ತು 12, ಲಂಬ 12. ಸ್ಥೂಲ ಸೂತ್ರದಲ್ಲಿ ಹನ್ನೊಂದೂವರೆಯನ್ನು ಹನ್ನೆರಡೂವರೆಯಿಂದ ಗುಣಿಸಬೇಕು, 143.75 ಬರುತ್ತದೆ. ವರ್ಗಮೂಲದ ಸೂತ್ರದಲ್ಲಿ 19,800ರ ವರ್ಗಮೂಲ, ಅಂದರೆ 141ಕ್ಕಿಂತ ಸ್ವಲ್ಪ ಕಡಿಮೆ. ಆದರೆ ಲಂಬವನ್ನು ಬಳಸಿ ಲೆಕ್ಕ ಹಾಕಿದರೆ, 14 ಮತ್ತು 9ರ ಮೊತ್ತದ ಅರ್ಧವನ್ನು 12ರಿಂದ ಗುಣಿಸಿದರೆ, 138. ಒಂದೇ ಹೊಲಕ್ಕೆ ಮೂರು ಉತ್ತರ. ಇವುಗಳಲ್ಲಿ ನಿಜವಾದದ್ದು 138.

ಇನ್ನೊಂದು ಉದಾಹರಣೆ ಇನ್ನೂ ಸೊಗಸಾಗಿದೆ. ನಾಲ್ಕೂ ಬದಿ 25 ಇರುವ ಚತುರ್ಭುಜ. ಒಂದು ಕರ್ಣ 30 ಎಂದು ಇಟ್ಟುಕೊಂಡರೆ ಇನ್ನೊಂದು 40 ಆಗುತ್ತದೆ, ವಿಸ್ತೀರ್ಣ 600. ಒಂದು ಕರ್ಣ 14 ಎಂದರೆ ಇನ್ನೊಂದು 48, ವಿಸ್ತೀರ್ಣ 336. ಎರಡೂ ಕರ್ಣ ಸಮವಾದರೆ ಅದು ಚೌಕ, ವಿಸ್ತೀರ್ಣ 625. ಬದಿಗಳು ಬದಲಾಗಲಿಲ್ಲ, ಸುತ್ತಳತೆ ಬದಲಾಗಲಿಲ್ಲ. ಆದರೂ ಜಾಗ 625ರಿಂದ 336ಕ್ಕೆ ಇಳಿಯಿತು.

ಇದಕ್ಕೆ ಅವರು ಕೊಡುವ ಕಾರಣ ಹೊಲದಲ್ಲಿ ನಿಂತು ಹೇಳಿದಂತಿದೆ. ಚತುರ್ಭುಜದ ಎದುರುಬದುರಿನ ಎರಡು ಮೂಲೆಗಳನ್ನು ಒಳಗೆ ಒತ್ತಿದರೆ ಅವುಗಳ ನಡುವಿನ ಕರ್ಣ ಕುಗ್ಗುತ್ತದೆ, ಉಳಿದೆರಡು ಮೂಲೆಗಳ ಕರ್ಣ ಹಿಗ್ಗುತ್ತದೆ. ಬದಿಗಳು ಮಾತ್ರ ಹಾಗೆಯೇ ಇರುತ್ತವೆ. ನಾನು ಇದನ್ನು ಜೋಳದ ದಂಟಿನಲ್ಲಿ ಮಾಡಿ ನೋಡಿದೆ. ನಾಲ್ಕು ದಂಟುಗಳನ್ನು ಮೂಲೆಯಲ್ಲಿ ದಾರದಿಂದ ಕಟ್ಟಿ ಒತ್ತಿದರೆ ಚೌಕಟ್ಟು ಮಲಗಿಬಿಡುತ್ತದೆ. ಮೂರು ದಂಟುಗಳನ್ನು ತ್ರಿಕೋನವಾಗಿ ಕಟ್ಟಿದರೆ ಎಷ್ಟು ಒತ್ತಿದರೂ ಅಲುಗುವುದಿಲ್ಲ. ಅದಕ್ಕೇ ತ್ರಿಭುಜಕ್ಕೆ ಮೂರು ಬದಿ ಸಾಕು, ಚತುರ್ಭುಜಕ್ಕೆ ನಾಲ್ಕು ಬದಿ ಸಾಲದು. ಐದನೆಯ ಅಳತೆ ಬೇಕು. ಅದು ಕರ್ಣವಾಗಬಹುದು ಅಥವಾ ಲಂಬವಾಗಬಹುದು. ಕರ್ಣ ಎಳೆದ ಕೂಡಲೇ ಮಲಗುವ ಚೌಕಟ್ಟು ಎರಡು ಗಟ್ಟಿ ತ್ರಿಭುಜಗಳಾಗುತ್ತದೆ.

ಈ ಜಾಗದಲ್ಲಿ ಶಾಂತ ಸ್ವಭಾವದ ಪಠ್ಯಪುಸ್ತಕ ಇದ್ದಕ್ಕಿದ್ದಂತೆ ಸಿಟ್ಟಾಗುತ್ತದೆ. ಕರ್ಣವನ್ನೂ ಹೇಳದೆ, ಲಂಬವನ್ನೂ ಹೇಳದೆ ಚತುರ್ಭುಜದ ವಿಸ್ತೀರ್ಣ ಕೇಳುವವನನ್ನು ಭಾಸ್ಕರಾಚಾರ್ಯರು ಪಿಶಾಚಿಗೆ ಹೋಲಿಸುತ್ತಾರೆ. ಅಂಥ ಪ್ರಶ್ನೆಗೆ ಉತ್ತರ ಹೇಳುವವನು ಅದಕ್ಕಿಂತ ದೊಡ್ಡ ಪಿಶಾಚಿ ಎನ್ನುತ್ತಾರೆ. ಇದನ್ನು ಓದಿದಾಗ ನಾನು ಕಾಲೇಜಿನ ಗ್ರಂಥಾಲಯದಲ್ಲಿ ಕೂತಿದ್ದೆ. ಪುಸ್ತಕ ಮುಚ್ಚಿಟ್ಟೆ. ಬೆಣ್ಣಿಹಳ್ಳದ ದಂಡೆಯಲ್ಲಿ ಮಾಲೀಕರೂ ಅಬ್ಬಾನೂ ಕರ್ಣ ಹೇಳದೆ ಪ್ರಶ್ನೆ ಕೇಳಿದ್ದರು. ಉತ್ತರ ಹೇಳಿದವನು ನಾನು.

ಭಾಸ್ಕರಾಚಾರ್ಯರ ಬಗ್ಗೆ ಬರೆಯುವಾಗ ಅವರಿಂದಲೇ ಕಲಿತಂತೆ ಒಂದು ಮಾತು ಪರೀಕ್ಷಿಸಿ ಹೇಳಬೇಕು. ಬ್ರಹ್ಮಗುಪ್ತರ ವರ್ಗಮೂಲದ ಸೂತ್ರ ಸುಳ್ಳಲ್ಲ. ನಾಲ್ಕೂ ಮೂಲೆಗಳು ಒಂದೇ ವೃತ್ತದ ಮೇಲೆ ಬರುವ ಚತುರ್ಭುಜಕ್ಕೆ ಅದು ಪೂರಾ ಸರಿ. ಬದಿಗಳು 25, 39, 60, 52 ಇರುವ ಪ್ರಸಿದ್ಧ ಚತುರ್ಭುಜವನ್ನೇ ನೋಡಿ. ವೃತ್ತದೊಳಗೆ ಕೂರಿಸಿದಾಗ ಅದರ ಕರ್ಣಗಳು 56 ಮತ್ತು 63, ಒಂದನ್ನೊಂದು ಲಂಬವಾಗಿ ಕತ್ತರಿಸುತ್ತವೆ. ಕರ್ಣಗಳ ಗುಣಲಬ್ಧದ ಅರ್ಧ 1,764. ವರ್ಗಮೂಲದ ಸೂತ್ರದಿಂದಲೂ 1,764. ಇಂಥ ಚತುರ್ಭುಜದ ಕರ್ಣಗಳನ್ನು ಎರಡು ಲಂಬಕೋನ ತ್ರಿಭುಜಗಳಿಂದ ಸುಲಭವಾಗಿ ಪಡೆಯುವ ದಾರಿಯನ್ನು ಭಾಸ್ಕರಾಚಾರ್ಯರೇ ತೋರಿಸಿದ್ದಾರೆ. 3, 4, 5 ಮತ್ತು 5, 12, 13 ಎಂಬ ತ್ರಿಭುಜಗಳನ್ನು ತೆಗೆದುಕೊಳ್ಳಿ. 3ನ್ನು 12ರಿಂದ, 4ನ್ನು 5ರಿಂದ ಗುಣಿಸಿ ಕೂಡಿಸಿದರೆ 56. 3ನ್ನು 5ರಿಂದ, 4ನ್ನು 12ರಿಂದ ಗುಣಿಸಿ ಕೂಡಿಸಿದರೆ 63. ಆದರೆ ವೃತ್ತದ ಷರತ್ತನ್ನು ಅವರು ಹೇಳಲಿಲ್ಲ. ಅದನ್ನು ಮುಂದೆ ಸ್ಪಷ್ಟ ಮಾಡಿದವರು 14ನೇ ಶತಮಾನದ ನಾರಾಯಣ ಪಂಡಿತರು, 15ನೇ ಶತಮಾನದ ಕೇರಳದ ಪರಮೇಶ್ವರರು. ದೊಡ್ಡವರೂ ಒಂದು ಹೆಜ್ಜೆ ಬಿಡುತ್ತಾರೆ, ಹಿಂದೆ ಬಂದವರು ಅದನ್ನು ಇಡುತ್ತಾರೆ.

ಅವರ ನಂತರ ಏನಾಯಿತು? ಮಗ ಲಕ್ಷ್ಮೀಧರ ಯಾದವ ಅರಸ ಜೈತ್ರಪಾಲನ ಆಸ್ಥಾನ ಸೇರಿದ. ಮೊಮ್ಮಗ ಚಂಗದೇವ ಸಿಂಘಣನ ಆಸ್ಥಾನದಲ್ಲಿ ಜ್ಯೋತಿಷಿಯಾದ. ಅಜ್ಜನ ಗ್ರಂಥಗಳನ್ನು ಓದಿಸಲು ಪಾಟಣದಲ್ಲಿ ಒಂದು ಮಠ ಕಟ್ಟಿಸಿದ. 1207ರ ಶಾಸನವೊಂದು ಇದನ್ನು ಹೇಳುತ್ತದೆ. ಒಬ್ಬ ಗಣಿತಜ್ಞನ ಪುಸ್ತಕ ಓದಿಸುವುದಕ್ಕೆಂದೇ ಶಾಲೆ!

ಮುಂದಿನ ಕಥೆ ನಮ್ಮ ಓದುಗರಿಗೆ ವಿಶೇಷವಾಗಿ ಹಿಡಿಸುತ್ತದೆ. 1587ರಲ್ಲಿ ಅಕ್ಬರನ ಅಪ್ಪಣೆಯಂತೆ ಅವನ ಆಸ್ಥಾನಕವಿ ಫೈಜಿ ಲೀಲಾವತಿಯನ್ನು ಪಾರಸಿಗೆ ಅನುವಾದಿಸಿದರು. ಇವರು ಅಬುಲ್ ಫಜಲ್ ಅವರ ಅಣ್ಣ. ಷಾಜಹಾನನ ಕಾಲದಲ್ಲಿ, 1634ರ ಸುಮಾರಿಗೆ, ಅತಾಉಲ್ಲಾ ರಶೀದಿ ಬೀಜಗಣಿತವನ್ನು ಪಾರಸಿಗೆ ತಂದರು. ತಾಜ್ ಮಹಲಿನ ಶಿಲ್ಪಿ ಎನ್ನಲಾಗುವ ಉಸ್ತಾದ್ ಅಹ್ಮದ್ ಲಾಹೋರಿ ಅವರ ಮಗ ಇವರು. ಸಂಸ್ಕೃತದ ಗಣಿತ ಹೀಗೆ ಮದರಸಾಗಳಲ್ಲಿ ಓದಿದವರ ಕೈಗೂ ಬಂತು. ಇಂಗ್ಲಿಷಿಗೆ ಬಂದದ್ದು ಬಹಳ ತಡವಾಗಿ, 1816ರಲ್ಲಿ ಟೇಲರ್ ಮತ್ತು 1817ರಲ್ಲಿ ಕೋಲ್‌ಬ್ರೂಕ್ ಅವರಿಂದ.

ಲೀಲಾವತಿ ಭಾಸ್ಕರಾಚಾರ್ಯರ ಮಗಳು ಎಂಬ ಕಥೆ ಎಲ್ಲರಿಗೂ ಗೊತ್ತು. ಮದುವೆಯ ಮುಹೂರ್ತ ನೋಡಲು ನೀರಿನ ಗಡಿಯಾರ ಇಟ್ಟಿದ್ದರು, ಬಗ್ಗಿ ನೋಡಿದ ಹುಡುಗಿಯ ಒಡವೆಯಿಂದ ಮುತ್ತೊಂದು ಬಿದ್ದು ಬಟ್ಟಲಿನ ತೂತು ಮುಚ್ಚಿತು, ಮುಹೂರ್ತ ಮೀರಿತು, ತಂದೆ ಅವಳ ಹೆಸರಿನಲ್ಲಿ ಪುಸ್ತಕ ಬರೆದು ಹೆಸರನ್ನು ಉಳಿಸಿದರು ಎಂಬುದು ಆ ಕಥೆ. ಇದು ನಮಗೆ ಸಿಗುವುದು ಫೈಜಿಯವರ ಪಾರಸಿ ಮುನ್ನುಡಿಯಲ್ಲಿ. ಭಾಸ್ಕರಾಚಾರ್ಯರ ಸ್ವಂತ ಬರಹದಲ್ಲಿ ಈ ಕಥೆ ಇಲ್ಲ. ಅಂದರೆ ಇವತ್ತು ನಮ್ಮ ಅಜ್ಜಿಯರೂ ಹೇಳುವ ಲೀಲಾವತಿಯ ಕಥೆಯನ್ನು ಕಾಪಾಡಿ ಕೊಟ್ಟವರು ಒಬ್ಬ ಪಾರಸಿ ಕವಿ. 1979 ಮತ್ತು 1981ರಲ್ಲಿ ಹಾರಿದ ನಮ್ಮ ದೇಶದ ಎರಡು ಉಪಗ್ರಹಗಳಿಗೂ ಭಾಸ್ಕರ ಎಂದೇ ಹೆಸರು.

ಇನ್ನು ನಮ್ಮ ಹೊಲದ ಮಾತು. ಕಳೆದ ಬೇಸಿಗೆ ರಜೆಯಲ್ಲಿ, ಹೊಲ ಖಾಲಿಯಿದ್ದಾಗ, ತಮ್ಮನನ್ನು ಕರೆದುಕೊಂಡು ಹೋಗಿ ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದೆ. ಹೊಲ ಆಯತವಾಗಿದ್ದರೆ ಕರ್ಣ 500 ಅಡಿ ಬರಬೇಕಿತ್ತು. ಬಂದದ್ದು 400 ಅಡಿ. ಇನ್ನೊಂದು ಕರ್ಣ ಸುಮಾರು 583 ಅಡಿ. ಹೊಲ ಹಳ್ಳದ ಜೊತೆಗೆ ಓರೆಯಾಗಿ ಮಲಗಿತ್ತು, ನಾಲ್ಕು ವರ್ಷ ಅದರಲ್ಲಿ ಓಡಾಡಿದ ನಮ್ಮ ಕಣ್ಣಿಗೆ ಅದು ಕಂಡಿರಲಿಲ್ಲ. 400, 300, 400 ಬದಿಗಳ ಎರಡು ತ್ರಿಭುಜ. ಒಂದೊಂದರ ವಿಸ್ತೀರ್ಣ ಸುಮಾರು 55,620 ಚದರ ಅಡಿ. ಎರಡೂ ಸೇರಿ 102 ಗುಂಟೆ, ಅಂದರೆ 2 ಎಕರೆ 22 ಗುಂಟೆ. ಇಲ್ಲದ 8 ಗುಂಟೆಗೆ ನಾವು ಲಾವಣಿ ಕೊಟ್ಟಿದ್ದೆವು. ಬ್ರಹ್ಮಗುಪ್ತರ ಸೂತ್ರವನ್ನೂ ಹಾಕಿ ನೋಡಿದೆ, 1,20,000 ಬಂತು. ಅದು ಆ ಬದಿಗಳಿಂದ ಆಗಬಹುದಾದ ಅತಿ ದೊಡ್ಡ ಹೊಲ, ನಮ್ಮ ಹೊಲವಲ್ಲ.

ಅಬ್ಬಾಗೆ ಹೇಳಲು ಎರಡು ದಿನ ಧೈರ್ಯ ಬರಲಿಲ್ಲ. ಹೇಳಿದಾಗ ಅವರು ಬೈಯಲಿಲ್ಲ, ಹಗ್ಗ ತೆಗೆದುಕೊಂಡು ಮಾಲೀಕರ ಮನೆಗೆ ಹೊರಟರು. ಮಾಲೀಕರು ಮೊದಲು ನಂಬಲಿಲ್ಲ. ಹೊಲಕ್ಕೆ ಬಂದು ಎರಡೂ ಕರ್ಣವನ್ನು ತಾವೇ ನಡೆದು ಅಳೆದರು. ಸಂಜೆಯವರೆಗೂ ಮಾತು ನಡೆಯಿತು. ಅವರು ಮೋಸ ಮಾಡಿದವರಲ್ಲ, ನನ್ನ ಲೆಕ್ಕವನ್ನು ನಂಬಿದವರು. ಹಿಂದಿನದು ಹಿಂದೆಯೇ ಇರಲಿ ಎಂದು ಅಬ್ಬಾ ಹೇಳಿದರು. ಈ ವರ್ಷದಿಂದ 2 ಎಕರೆ 22 ಗುಂಟೆಗೆ ಲಾವಣಿ ಎಂದು ಗೊತ್ತಾಯಿತು. ಮೊದಲ ಲೆಕ್ಕ ಮಾಡಿದವರು ಯಾರು ಎಂದು ಅಲ್ಲಿ ನೆರೆದ ಒಬ್ಬರು ಕೇಳಿದರು. ನಾನೇ ಎಂದು ಹೇಳಿದೆ. ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡಾಗಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ.

ಗೆಳೆಯರೇ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ನವಲಗುಂದದ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ನಮ್ಮಲ್ಲಿ ಬಹಳ ಜನ ಮನೆಯಲ್ಲಿ ಮೊದಲು ಕಾಲೇಜು ಕಂಡವರು. ಹೊಲದ ಲೆಕ್ಕವಿರಲಿ, ಬ್ಯಾಂಕಿನ ಬಡ್ಡಿಯಿರಲಿ, ಮನೆಯವರು ನಮ್ಮ ಮುಖ ನೋಡುತ್ತಾರೆ. ನಾವು ಹೇಳಿದ್ದೇ ಅವರಿಗೆ ನಿಜ. ಉತ್ತರ ಹೇಳುವ ಮೊದಲು ಪ್ರಶ್ನೆಯಲ್ಲಿ ಏನು ಕೊಟ್ಟಿಲ್ಲ ಎಂದು ನೋಡುವುದನ್ನು ಭಾಸ್ಕರಾಚಾರ್ಯರು ನನಗೆ ಕಲಿಸಿದರು. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಹೊಲದ ಒಂದು ಮೂಲೆಯಿಂದ ಎದುರಿನ ಮೂಲೆಗೆ ಒಂದು ಹಗ್ಗ ಹಿಡಿದು ನೋಡಿ. ನಾಲ್ಕು ಬದು ಹೇಳದ ಮಾತನ್ನು ಆ ಒಂದು ಕರ್ಣ ಹೇಳುತ್ತದೆ.